ಎಚ್ಚರದಲ್ಲೇ ಆದ ಹೆರಿಗೆ

ಹೆರಿಗೆ ವಾರ್ಡಿನ ಕಿಟಕಿಗಳಿಗೆ ಪರದೆ ಇರಲಿಲ್ಲ. ಬೆಡ್‌ಶೀಟನ್ನಾದರೂ ಕಟ್ಟೋಣವೆಂದರೆ ಅವೆಲ್ಲ ಧೋಬಿಯ ಮನೆ ಸೇರಿದ್ದವು. ಕೊನೆಗೆ, ಬದಲಾಯಿಸಲೆಂದು ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದ ನನ್ನ ಸೀರೆಯನ್ನೇ ಉದ್ದಕ್ಕೆ ಹರಿದು ಮೊಳೆಗೆ ಸಿಕ್ಕಿಸಿ ಕಿಟಕಿ ಮುಚ್ಚಿದೆ. ಹೊರಗೆ ನಿಂತಿದ್ದ ಒಬ್ಬ, "ಓ ಡಾಕ್ಟ್ರಮ್ಮ, ಒಂಚೂರು ಸರ್ಸಿ ಮಾರಾಯ್ರೆ, ನಮ್ಗೂ ಕಾಣ್ಲಿ" ಅಂದ. ಅವನ ಕೈಯಲ್ಲಿ ಕಡಲೆಕಾಯಿಯ ಪೊಟ್ಟಣವಿತ್ತು. ಬಸ್‌ಸ್ಟ್ಯಾಂಡಿನಿಂದ ಬಂದವರು, ಪಕ್ಕದ ಕಚೇರಿಯ ಗುಮಾಸ್ತರು, ಹೊರರೋಗಿಗಳ ಸಾಲಿನಲ್ಲಿ ಕೆಮ್ಮುತ್ತ ಕೂತಿದ್ದವರು, ಎಲ್ಲರೂ ತಮ್ಮ ತಮ್ಮ ಕೆಲಸ, ಕಾಯಿಲೆಗಳನ್ನು ಮರೆತು ಕಿಟಕಿಗೆ ಮುಗಿಬಿದ್ದಿದ್ದರು. ಊರಿಗೆ ಊರೇ ಇಷ್ಟು ಹೊಲಸು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಳಗೆ ನೋವು ತಿನ್ನುತ್ತಿದ್ದವಳು ನನ್ನ ಸೊಂಟಕ್ಕಿಂತ ತುಸು ಎತ್ತರದ ಹೆಂಗಸು. ಕೈಕಾಲುಗಳು ಗಿಡ್ಡ, ತಲೆ ದೊಡ್ಡದು, ಹಣೆ ಮುಂದೆ ಬಂದಿದೆ, ಬೆನ್ನಿನ ಕೆಳಭಾಗ ಒಳಕ್ಕೆ ಬಾಗಿದೆ. ಎಲುಬು ಬೆಳೆಯುವ ರೀತಿಯೇ ಹುಟ್ಟಿನಿಂದ ಬೇರೆಯಾದವರ ಮೈಕಟ್ಟು ಅದು. ಬುದ್ಧಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಕಿಟಕಿಯಾಚೆ ನಿಂತವರ ಮೈಕಟ್ಟು ಸರಿಯಾಗಿಯೇ ಇತ್ತು, ಉಳಿದದ್ದು ಹೇಗಿತ್ತೆಂದು ಆಗಲೇ ಹೇಳಿದ್ದೇನೆ.

ಇದು ಅರವತ್ತರ ದಶಕದ ಮಾತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ನಾನು ಸರ್ಕಾರಿ ಲೇಡಿ ಡಾಕ್ಟರಾಗಿ ಕೆಲಸ ಮಾಡಿದ್ದೇನೆ. ಇದು ನಡೆದದ್ದು ಮೂರರಲ್ಲಿ ಎಲ್ಲಿ ಎಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿನ ದೊಡ್ಡ ಡಾಕ್ಟರ ಹೆಸರು ಹೇಳಿದ ಹಾಗೆಯೇ ಆಗುತ್ತದೆ. ಹೆರಿಗೆಗಳೆಲ್ಲ ನನ್ನ ಪಾಲು. ಹೊಟ್ಟೆ ಕೊಯ್ಯಬೇಕಾಗಿ ಬಂದರೆ ಮಾತ್ರ ಕತ್ತಿ ಅವರ ಕೈಗೆ, ಈಥರ್ ಬಾಟಲಿ ನನ್ನ ಕೈಗೆ. ಅರಿವಳಿಕೆಗೆಂದೇ ಒಬ್ಬ ಡಾಕ್ಟರು ಇರುವುದು ಆಗ ದೊಡ್ಡ ಊರುಗಳ ವೈಭವ. ಮೈಸೂರಿನಲ್ಲಿ ಕೆಲವು ತಿಂಗಳು ಆ ಕೆಲಸ ಕಲಿತಿದ್ದೆನೆಂದು ಅದು ನನ್ನ ತಲೆಗೆ ಬಂದಿತ್ತು.

ಅಂದು ಭೂಮಿ ಹುಣ್ಣಿಮೆ. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಗದ್ದೆ ಕೊಟ್ಟು, ಬ್ಯಾಕೋಡಿನ ಕಡೆಯಿಂದ ಎತ್ತಂಗಡಿಯಾಗಿ ಬಂದ ಕುಟುಂಬ ಅವಳದು. ಕಾಡು ಕಡಿದು ಮಾಡಿದ ಹೊಸ ಗದ್ದೆಯಲ್ಲಿ ಪೈರು ಹೊಡೆ ತುಂಬಿತ್ತು. ಪೈರು ತುಂಬಿದ ಭೂಮಿ ಬಸುರಿ ಎಂದು ಈ ಸೀಮೆಯವರು ಆ ದಿನ ಬೆಳಕು ಹರಿಯುವ ಮೊದಲೇ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು ತಂದು ಗದ್ದೆಗೆ ಬಡಿಸುತ್ತಾರೆ, ತಾವೂ ಅಲ್ಲೇ ಉಣ್ಣುತ್ತಾರೆ. ಬುಟ್ಟಿಯ ಚಿತ್ತಾರ ಬರೆದವಳು ಇವಳೇ. ಉಂಡು ಏಳುವ ಹೊತ್ತಿಗೆ ನೋವು ಶುರುವಾಗಿದೆ. ಗಂಡ ಮತ್ತು ಅತ್ತೆ ಎತ್ತಿನ ಗಾಡಿ ಹೂಡಿಕೊಂಡು ಕರೆತಂದಿದ್ದರು.

ಪರೀಕ್ಷೆ ಮಾಡಿದೆ. ಸಾಮಾನ್ಯ ಹೆಂಗಸರಲ್ಲಿ ಬೆರಳಿಗೆ ಎಟುಕದ ಬೆನ್ನೆಲುಬಿನ ಬುಡ ಇವಳಲ್ಲಿ ಸಲೀಸಾಗಿ ತಗುಲಿತು. ಅಂದರೆ ದಾರಿ ಅಷ್ಟು ಇಕ್ಕಟ್ಟು. ಮಗುವಿನ ತಲೆ ಇನ್ನೂ ಮೇಲೆಯೇ ತೇಲುತ್ತಿತ್ತು, ಎಷ್ಟು ನೋವು ಬಂದರೂ ಅದು ಇಳಿಯುವಂತಿರಲಿಲ್ಲ. ಶಿವಮೊಗ್ಗಕ್ಕೆ ಕಳಿಸೋಣವೆಂದರೆ ಆಸ್ಪತ್ರೆಯ ವ್ಯಾನು ಔಷಧ ತರಲು ಅಲ್ಲಿಗೇ ಹೋಗಿತ್ತು. ಹೊಟ್ಟೆಗೆ ಕೊಳವೆಯಿಟ್ಟು ಕೇಳಿದರೆ ಮಗುವಿನ ಎದೆಬಡಿತ ಒಂದೊಂದು ನೋವಿಗೂ ಕುಂಟುತ್ತಿತ್ತು. ಸಿಸೇರಿಯನ್ ಇಲ್ಲೇ ಆಗಬೇಕು, ಇವತ್ತೇ ಆಗಬೇಕು.

ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ಬಂದವರು ಒಬ್ಬರೇ ಅಲ್ಲ. ಪೇಟೆಯ ಸ್ಟುಡಿಯೋದವನು ಕ್ಯಾಮೆರಾ, ಸ್ಟ್ಯಾಂಡು ಹೊತ್ತುಕೊಂಡು ಹಿಂದೆಯೇ ಬಂದ.

"ಬಟ್ಟೆ ತೆಗೆಸಿ ನಿಲ್ಲಿಸಿ," ಅಂದರು. "ಎದುರಿನಿಂದ ಒಂದು, ಪಕ್ಕದಿಂದ ಒಂದು. ಇಂಥ ಕೇಸು ಜೀವಮಾನದಲ್ಲಿ ಒಂದು ಸಲ ಸಿಗೋದು. ಡಾಕ್ಟರುಗಳ ಸಭೆಯಲ್ಲಿ ತೋರಿಸಬಹುದು."

"ಅವಳಿಗೆ ನೋವು ಬರ್ತಾ ಇದೆ ಸಾರ್."

"ಎರಡು ನೋವಿನ ಮಧ್ಯೆ ನಿಲ್ಲಿಸಿ. ಅದಕ್ಕೇನು?"

ಮೇಲಧಿಕಾರಿಗೆ ಬೈಯುವಂತಿಲ್ಲ, ಸ್ಟುಡಿಯೋದವನಿಗೆ ಬೈದೆ. "ಮನೆಗೆ ಹೋಗಿ ನಿನ್ನ ಹೆಂಡತಿನ ಕರ್ಕೊಂಡು ಬಾ. ಮೊದಲು ಅವಳನ್ನ ಹೀಗೆ ನಿಲ್ಲಿಸಿ ತೆಗೆಯೋಣ, ಬೆಳಕು ಸರಿ ಇದೆಯಾ ನೋಡಬಹುದು." ಅವನು ಪಾಪ, ಮೊದಲಿನಿಂದಲೂ ನೆಲವನ್ನೇ ನೋಡುತ್ತಿದ್ದ. ಸ್ಟ್ಯಾಂಡು ಮಡಿಚಿಕೊಂಡು ಹೋದ. ದೊಡ್ಡ ಡಾಕ್ಟರ ಮುಖ ಕೆಂಪಾಯಿತು. ಮಂಚದ ಮೇಲಿದ್ದವಳು ಮಾತ್ರ ನನ್ನನ್ನು ಅಳೆಯುವಂತೆ ನೋಡಿದಳು.

ಈಗ ಅರಿವಳಿಕೆಯ ಪ್ರಶ್ನೆ. ದೊಡ್ಡ ಡಾಕ್ಟರು ಈಥರ್ ಅಂದರು. ಆ ಕಾಲದ ಈಥರ್ ಅಂದರೆ ಮೂಗು ಬಾಯಿಯ ಮೇಲೆ ತಂತಿಯ ಬುಟ್ಟಿ ಕವುಚಿ, ಅದರ ಮೇಲಿನ ಬಟ್ಟೆಗೆ ಹನಿಹನಿಯಾಗಿ ಬಿಡುವುದು. ಇವಳ ಮೂಗಿನ ಬುಡ ಚಪ್ಪಟೆ, ಬುಟ್ಟಿ ಸರಿಯಾಗಿ ಕೂರುವುದಿಲ್ಲ. ಕತ್ತು ಗಿಡ್ಡ, ಹಿಂದಕ್ಕೆ ಹೆಚ್ಚು ಬಾಗುವುದಿಲ್ಲ. ನಿದ್ದೆಯಲ್ಲಿ ಉಸಿರಿನ ದಾರಿ ಮುಚ್ಚಿಕೊಂಡರೆ ಗಂಟಲಿಗೆ ಕೊಳವೆ ಇಳಿಸುವುದು ದೊಡ್ಡ ಆಸ್ಪತ್ರೆಯಲ್ಲೂ ಕಷ್ಟ. ನಮ್ಮಲ್ಲಿ ಗಂಟಲು ನೋಡುವ ಉಪಕರಣದ ದೀಪವೇ ಹತ್ತುತ್ತಿರಲಿಲ್ಲ. ಆದರೂ ಅದನ್ನೇ ಯೋಚಿಸುತ್ತ ಹೊರಗೆ ಹೋಗಿ, ಏನು ತಿಂದಿದ್ದಾಳೆ ಎಂದು ಅತ್ತೆಯನ್ನು ಕೇಳಿದೆ.

ಮುದುಕಿಯ ಮುಖ ಅರಳಿತು. "ಭೂಮ್ತಾಯಿಗೆ ಬಡ್ಸಿ, ನಮ್ಮನೆ ಬಸ್ರಿನ ಹಸ್ಕಂಡು ಕಳ್ಸದಾ ಅಮಾ? ಕೊಟ್ಟೆ ಕಡಬು ತಿಂದಾಳೆ, ಬುತ್ತಿ ತಿಂದಾಳೆ, ಬೆರಕೆ ಸೊಪ್ಪಿನ ಪಲ್ಯ ತಿಂದಾಳೆ. ಬ್ಯಾಡ ಬ್ಯಾಡ ಅಂದ್ಲು. ಗಾಡಿ ಹತ್ತಬೇಕಾರೆ ನಾನೇ ಮತ್ತೆ ಬಾಯಿಗಿಟ್ಟೆ."

ಈಥರಿನ ದಾರಿ ಅಲ್ಲಿಗೆ ಮುಚ್ಚಿತು. ತುಂಬಿದ ಹೊಟ್ಟೆಯವರಿಗೆ ಈಥರ್ ಕೊಟ್ಟರೆ ವಾಂತಿ ಖಂಡಿತ, ನಿದ್ದೆಯಲ್ಲಿ ಆದ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಹೆಣ ಖಂಡಿತ. ಮುದುಕಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ದಿನ ಅವಳನ್ನು ಬಸುರಿ ಎಂದು ಕಂಡವಳು ಆ ಅತ್ತೆಯೊಬ್ಬಳೇ.

"ಹಾಗಾದ್ರೆ ಸ್ಪೈನಲ್ ಕೊಡಿ," ಅಂದರು ದೊಡ್ಡ ಡಾಕ್ಟರು. "ಅರ್ಧ ಡೋಸ್ ಸಾಕು. ಕುಳ್ಳಿ ತಾನೆ?"

ಬೆನ್ನಿನ ನಡುವೆ ಸೂಜಿ ಹಾಕಿ ಸೊಂಟದಿಂದ ಕೆಳಗೆ ಮರಗಟ್ಟಿಸುವ ವಿಧಾನ ಅದು. ಅರ್ಧ ಎಂದರೆ ಯಾವುದರ ಅರ್ಧ? ಇವಳ ಕೈಕಾಲು ಗಿಡ್ಡವೇ ಹೊರತು ಬೆನ್ನು ಅಷ್ಟೇನೂ ಗಿಡ್ಡವಲ್ಲ. ಆದರೆ ಬೆನ್ನೆಲುಬಿನೊಳಗಿನ ನಾಳ ಕಿರಿದು, ಬೆನ್ನು ಬಾಗಿದೆ. ಹಾಕಿದ ಮದ್ದು ಎಲ್ಲಿಯವರೆಗೆ ಏರುತ್ತದೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಎದೆಗೇರಿದರೆ ಉಸಿರು ನಿಲ್ಲುತ್ತದೆ. ಆಗ ಅವಳಿಗೆ ಉಸಿರು ಕೊಡಲು ನಮ್ಮಲ್ಲಿದ್ದದ್ದು ಒಂದು ರಬ್ಬರ್ ಚೀಲ, ಅವಳ ಮುಖಕ್ಕೆ ಕೂರದ ಒಂದು ಮಾಸ್ಕು. ನಾನು ಸ್ಪೈನಲ್ ಸೂಜಿ ಮುಟ್ಟುವುದಿಲ್ಲವೆಂದೆ.

"ಮತ್ತೇನು, ಮಂತ್ರ ಹಾಕ್ತೀರಾ?"

"ಲೋಕಲ್‌ನಲ್ಲೇ ಮಾಡೋಣ ಸಾರ್. ಕೊಯ್ಯುವ ಜಾಗಕ್ಕೆ ಪದರಪದರವಾಗಿ ಪ್ರೊಕೇನ್ ಹಾಕ್ತೀನಿ. ನೀವು ನಿಧಾನವಾಗಿ ಮಾಡಬೇಕು, ಎಳೆದಾಡಬಾರದು, ಒಳಗೆ ಬಟ್ಟೆ ತುರುಕಬಾರದು."

ಅವರಿಗೆ ಇದು ಹಿಡಿಸಲಿಲ್ಲ. ಚರ್ಮದಿಂದ ಮಗುವಿನವರೆಗೆ ಎಷ್ಟು ಬೇಗ ಹೋಗುತ್ತೇನೆ ನೋಡಿ ಎನ್ನುವ ಜಾತಿಯ ಸರ್ಜನ್ನು ಅವರು. ಆಪರೇಷನ್ ಮಾಡುತ್ತ ಊರ ಸುದ್ದಿಯೆಲ್ಲ ಹರಟುವುದು ಅವರ ಇನ್ನೊಂದು ಅಭ್ಯಾಸ. "ಪೇಷೆಂಟ್ ಎಚ್ಚರ ಇದ್ದರೆ ಬಾಯಿ ಬಿಟ್ಟು ಒಂದು ಮಾತಾಡೋಕಾಗಲ್ಲ ಕಣ್ರೀ," ಅಂದರು. ಒಬ್ಬ ತಾಯಿಯ ಜೀವ ಒಂದು ತಕ್ಕಡಿಯಲ್ಲಿ, ಇವರ ಹರಟೆ ಇನ್ನೊಂದರಲ್ಲಿ. ನನ್ನ ಮುಖದಲ್ಲಿದ್ದದ್ದು ಅವರಿಗೆ ಕಂಡಿರಬೇಕು. ಗೊಣಗುತ್ತ ಕೈ ತೊಳೆಯಲು ಹೋದರು.

ನಾನು ಅವಳ ಪಕ್ಕ ಕೂತು ವಿಷಯ ಹೇಳಿದೆ. ನಿದ್ದೆ ಬರಿಸುವುದಿಲ್ಲ, ಹೊಟ್ಟೆಯ ಮೇಲೆ ಸೂಜಿ ಹಾಕಿ ಜಡ ಮಾಡುತ್ತೇನೆ, ಮುಟ್ಟಿದ್ದು ಎಳೆದದ್ದು ಗೊತ್ತಾಗುತ್ತದೆ, ಅಲ್ಲಾಡಬಾರದು.

"ನೋಯ್ತದಾ?" ಅಂದಳು.

"ಸ್ವಲ್ಪ."

"ಡಾಕ್ಟ್ರಮ್ಮ, ಸುಳ್ಳು ಹೇಳ್ಬ್ಯಾಡಿ. ನೋಯ್ತದೆ ಅಂದ್ರೆ ನೋಯ್ತದೆ ಅನ್ನಿ. ಒಳಗೆ ಎಂತೆಂತ ಆಗ್ತದೆ ಅಷ್ಟೂ ನಂಗೆ ಹೇಳ್ತಾ ಇರಿ, ನಾನು ಅಲ್ಲಾಡದಿಲ್ಲ."

"ನೋಯ್ತದೆ. ಅಷ್ಟೂ ಹೇಳ್ತೀನಿ," ಅಂದೆ. ಒಪ್ಪಂದವಾಯಿತು.

ಮೊದಲು ಅವಳನ್ನು ತೂಗಿದೆ. ಪ್ರೊಕೇನಿನ ಅಳತೆ ತೂಕದ ಮೇಲೆ. ಹೆಚ್ಚಾದರೆ ಫಿಟ್ಸು ಬರುತ್ತದೆ, ಎದೆ ನಿಲ್ಲುತ್ತದೆ. ಇವಳ ತೂಕಕ್ಕೆ ಸಲ್ಲುವಷ್ಟು ಮದ್ದು ಅಷ್ಟು ಉದ್ದ ಕೊಯ್ಯಲು ಸಾಲುತ್ತಿರಲಿಲ್ಲ. ಅದಕ್ಕೆ ಉಪ್ಪುನೀರು ಬೆರೆಸಿ ಅರ್ಧಕ್ಕೆ ತೆಳುಮಾಡಿದೆ. ಮದ್ದು ಅಷ್ಟೇ, ಹರಡುವುದು ಎರಡರಷ್ಟು, ಹಿಡಿಯಲು ಮಾತ್ರ ಹೊತ್ತು ಬೇಕು. ಮೇಜಿನ ಮೇಲೆ ಅಂಗಾತ ಮಲಗಿಸಿದ ಕೂಡಲೇ ಅವಳಿಗೆ ಉಸಿರು ಕಟ್ಟಿತು. ಚಿಕ್ಕ ಎದೆಗೂಡು, ಅದರ ಮೇಲೆ ತುಂಬು ಗರ್ಭದ ಭಾರ. ಬಲ ಸೊಂಟದಡಿ ಕಂಬಳಿ ಮಡಿಚಿಟ್ಟು ಮೈಯನ್ನು ಎಡಕ್ಕೆ ವಾಲಿಸಿದೆ, ತಲೆಯ ಕಡೆ ಎತ್ತರಿಸಿದೆ, ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟೆ. ಉಸಿರು ಹಾದಿಗೆ ಬಂತು.

ಹೊಕ್ಕುಳಿನಿಂದ ಕೆಳಗೆ ಚರ್ಮದುದ್ದಕ್ಕೆ ಒಂದು ಗೆರೆಯಂತೆ ಮದ್ದು ಹಾಕಿದೆ. ಆಮೇಲೆ ಸ್ನಾಯುವಿನ ಹೊದಿಕೆಗೆ. "ಈಗ ಸೂಜಿ, ಈಗ ಉರಿ," ಎನ್ನುತ್ತ ಹೋದೆ. ಅವಳು ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಮಾತಿಗೆ ತಪ್ಪಲಿಲ್ಲ. ದೊಡ್ಡ ಡಾಕ್ಟರು ಕತ್ತಿ ಹಿಡಿದು ನಿಂತಿದ್ದರು. ಮದ್ದು ಹಿಡಿಯಲಿ ಸಾರ್, ಸ್ವಲ್ಪ ತಾಳಿ ಎಂದು ನಾನು, ಇನ್ನೂ ಎಷ್ಟು ಎಂದು ಅವರು. ಎದುರು ನಿಂತ ಸಿಸ್ಟರು ಉಪಕರಣ ಜೋಡಿಸುವ ನೆಪದಲ್ಲಿ ಬೇಕೆಂದೇ ತಡಮಾಡುತ್ತಿದ್ದರು.

ಕೊನೆಗೆ ಕೊಯ್ದರು. ಚರ್ಮ ತೆರೆಯಿತು, ಅವಳಿಗೆ ಗೊತ್ತಾಗಲಿಲ್ಲ. ಒಳಪೊರೆ ಮುಟ್ಟಿದಾಗ "ಅಬ್ಬೇ" ಅಂದಳು. ಉಳಿಸಿಕೊಂಡಿದ್ದ ಮದ್ದನ್ನು ಅಲ್ಲಿಗೆ ಹಾಕಿಸಿದೆ, ಸಿರಿಂಜು ಖಾಲಿಯಾಯಿತು. ಇನ್ನು ಕೊಡುವಂತಿರಲಿಲ್ಲ. "ಇನ್ನು ಎಳೀತಾರೆ. ಇದು ನೋಯ್ತದೆ," ಅಂದೆ. ಗರ್ಭಕೋಶ ಕೊಯ್ದು ಕೈ ಇಳಿಸಿ ಎಳೆದರು. ಅವಳ ಮುಖ ಬಿಳಿಚಿಕೊಂಡಿತು, ಬಾಯಲ್ಲಿ ನೀರೂರಿತು. "ವಾಂತಿ," ಅಂದಳು. ತಲೆ ಹೊರಳಿಸಿದೆ. ಕಡುಬು, ಸೊಪ್ಪು, ಬುತ್ತಿ ಎಲ್ಲ ಬೇಸಿನ್ನಿಗೆ ಬಂತು, ನನ್ನ ತೋಳಿನ ಮೇಲೂ ಬಂತು. ಅವಳೇ ಕೆಮ್ಮಿ, ಅವಳೇ ಉಗಿದು, "ಆತು," ಅಂದಳು. ಬೇಸಿನ್ನಿನಲ್ಲಿದ್ದದ್ದನ್ನು ನೋಡಿದೆ. ಈಥರ್ ಕೊಟ್ಟಿದ್ದರೆ ಅಷ್ಟೂ ಅವಳ ಶ್ವಾಸಕೋಶದಲ್ಲಿರುತ್ತಿತ್ತು. ಆ ದಿನ ನಾನು ಕಂಡ ಹೊಲಸುಗಳಲ್ಲಿ ಅಸಹ್ಯ ಹುಟ್ಟಿಸದೆ ಇದ್ದದ್ದು ಅದೊಂದೇ.

ಮಗು ಹೊರಗೆ ಬಂತು. ಸ್ವಲ್ಪ ಸುಮ್ಮನಿದ್ದು ಆಮೇಲೆ ಅತ್ತಿತು. ಹೆಣ್ಣು. ದೊಡ್ಡ ಡಾಕ್ಟರು ಅದನ್ನು ಕಾಲು ಹಿಡಿದು ಎತ್ತಿ ನೋಡಿ, ಮೂಗು ಮುರಿದು, ಇಂಗ್ಲಿಷಿಗೆ ತಿರುಗಿದರು. ಅವಳಿಗೆ ತಿಳಿಯದ ಭಾಷೆಯಲ್ಲಿ ಏನಂದರೂ ನಡೆಯುತ್ತದೆ ತಾನೆ. ಅವರು ಹೇಳಿದ್ದರ ಸಾರ ಇಷ್ಟು: ಇದೂ ಅದೇ ತಳಿ. ಸರ್ಕಸ್ಸಿಗೆ ಇನ್ನೊಂದು ಸಿಕ್ಕಿತು. ಸಾಕು, ಹೊಟ್ಟೆ ತೆರೆದಿರುವಾಗಲೇ ಗರ್ಭನಾಳ ಕಟ್ಟಿಬಿಡುತ್ತೇನೆ. ಗಂಡನ ಹತ್ತಿರ ಹೊರಗೇ ಹೂಂ ಅನ್ನಿಸಿಕೊಂಡು ಬಂದಿದ್ದೇನೆ. ಇವಳಿಗೆ ಹೇಳುವ ಅಗತ್ಯವಿಲ್ಲ.

ನನ್ನ ಸೆರಗು ಜಗ್ಗಿತು. "ಡಾಕ್ಟ್ರಮ್ಮ, ಎಂತ ಅಂದ್ರು ಅವ್ರು?"

ಸುಮ್ಮನಿರಬಹುದಿತ್ತು. ಏನಿಲ್ಲ ಮಲಗಮ್ಮ ಎಂದುಬಿಡುವುದು ಎಲ್ಲ ಆಸ್ಪತ್ರೆಗಳ ರೂಢಿ. ಮೇಲಧಿಕಾರಿ ಎದುರಿಗಿದ್ದರು, ಅವರ ಕೈ ಅವಳ ಹೊಟ್ಟೆಯೊಳಗಿತ್ತು. ಆದರೆ ಅವಳು ಅಲ್ಲಾಡದೆ ಮಲಗಿದ್ದು ಔಷಧದಿಂದಲ್ಲ, ನಾನು ಕೊಟ್ಟ ಮಾತಿನಿಂದ. ಅರ್ಧ ದಾರಿಯಲ್ಲಿ ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಸರ್ಕಸ್ಸಿನ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. "ಹೆಣ್ಣು ಮಗು. ಕೈಕಾಲು ನಿನ್ನ ಹಾಗೇ ಇದೆ. ಇನ್ನು ಮಕ್ಕಳಾಗದ ಹಾಗೆ ಈಗಲೇ ನಾಳ ಕಟ್ತೀನಿ ಅಂತಾರೆ. ನಿನ್ನ ಗಂಡ ಒಪ್ಪಿದ್ದಾನಂತೆ."

"ಉಸ್ರಾಡ್ತದಾ ಮಗ?"

"ಆಡ್ತಿದೆ. ಕೇಳು, ಅಳ್ತಾ ಇರೋದು ಅದೇ."

ಒಂದು ಕ್ಷಣ ಆ ಅಳುವನ್ನೇ ಕೇಳಿದಳು. ಆಮೇಲೆ ಎದೆಗಡ್ಡವಾಗಿ ಕಟ್ಟಿದ್ದ ಆಪರೇಷನ್ ಬಟ್ಟೆಯಾಚೆಗೆ ಕೂಗಿ ಹೇಳಿದಳು: "ದೊಡ್ಡ ಡಾಕ್ಟ್ರೇ, ನಾನು ಇಲ್ಲೇ ಇದೀನಿ. ಮದ್ದು ಹಾಕಿದ್ದು ಹೊಟ್ಟೆಗೆ, ತಲೆಗಲ್ಲ. ಹೊಟ್ಟೆ ನಂದು. ನನ್ನ ಕೇಳ್ದೆ ಎಂತದೂ ಕಟ್ಟಬ್ಯಾಡಿ."

ಸಿಸ್ಟರ ಕೈಯಲ್ಲಿದ್ದ ಉಪಕರಣ ತಟ್ಟೆಗೆ ಬಿತ್ತು. ಹೊಟ್ಟೆ ತೆರೆದು ಮಲಗಿದವಳ ಮಾತಿಗೆ ಉತ್ತರ ಕೊಟ್ಟು ದೊಡ್ಡ ಡಾಕ್ಟರಿಗೆ ಅಭ್ಯಾಸವಿರಲಿಲ್ಲ. ನನ್ನ ಕಡೆ ತಿರುಗಿದರು. "ಈಥರ್ ಹಾಕಿ. ಮಗು ಹೊರಗೆ ಬಂತು, ವಾಂತಿಯೂ ಆಯ್ತು, ಇನ್ನೇನು ಭಯ? ಐದು ನಿಮಿಷ ಮಲಗಿಸಿ."

ಬಾಟಲಿ ನನ್ನ ಕೈಯಳತೆಯಲ್ಲೇ ಇತ್ತು. ನಿದ್ದೆ ಬರಿಸುವುದನ್ನು ನಾನು ಕಲಿತದ್ದು ನೋವು ತಪ್ಪಿಸಲು. ಬೇಡ ಎಂದವಳ ಬಾಯಿ ಮುಚ್ಚಿಸಲು ಅದನ್ನು ಬಳಸುವುದೆಂದರೆ, ಕಿಟಕಿಯಲ್ಲಿ ಕಡಲೆಕಾಯಿ ತಿನ್ನುತ್ತಿದ್ದವನು ನನಗಿಂತ ಮೇಲು. ಬಾಟಲಿಯ ಬಿರಡೆ ಬಿಗಿದು ಸಿಸ್ಟರಿಗೆ ಕೊಟ್ಟೆ. "ಬೀರುವಿನಲ್ಲಿಟ್ಟು ಬೀಗ ಹಾಕಿ." ದೊಡ್ಡ ಡಾಕ್ಟರಿಗೆ, "ಹೊಲಿಗೆ ಹಾಕಿ ಸಾರ್, ಲೋಕಲ್ ಇಳೀತಾ ಬಂತು," ಅಂದೆ.

ಹಾಕಿದರು. ಎಷ್ಟು ಕೆಟ್ಟ ಮನುಷ್ಯರಾದರೂ ಹೊಲಿಗೆ ಚೆನ್ನಾಗಿಯೇ ಹಾಕಿದರೆಂದು ಹೇಳಬೇಕು. ಕೊನೆಯ ಹೊಲಿಗೆಗಳು ಅವಳಿಗೆ ಪೂರ್ತಿ ಗೊತ್ತಾದವು. "ನೋಯ್ತದೆ," ಎಂದು ನಾನು ಹೇಳುವ ಮೊದಲೇ, "ಗೊತ್ತಾತು, ಹಾಕ್ಲಿ," ಅಂದಳು.

ಹೊರಗೆ ಬಂದ ಮೇಲೆ ದೊಡ್ಡ ಡಾಕ್ಟರು ಕೈಗವಸು ಎಸೆದು ಕೇಳಿದರು: "ನೀವು ಡಾಕ್ಟರೋ, ದುಭಾಷಿಯೋ?"

"ಇವತ್ತು ಎರಡೂ," ಅಂದೆ.

ಅವಳ ಗಂಡ ಮೆಟ್ಟಿಲ ಮೇಲೆ ಕೂತಿದ್ದ. ಅವಳ ಸೋದರಮಾವನ ಮಗ, ಎತ್ತರದ ಆಳು. ಕಿಟಕಿಯವರ ನಗೆ ಕೇಳಿ ಕೇಳಿ ತಲೆ ಮೊಣಕಾಲ ನಡುವೆ ಸೇರಿಹೋಗಿತ್ತು. ನಾಳ ಕಟ್ಟಲು ಒಪ್ಪಿದ್ದೆಯಾ ಎಂದು ಕೇಳಿದೆ. "ಎಂತದೋ ಹೇಳಿದ್ರು ಅಮಾ. ಹೆಂಡ್ತಿ ಉಳೀಬೇಕಾರೆ ಎಲ್ಲದಕ್ಕೂ ಹೂಂ ಅನ್ನು ಅಂದ್ರು. ಅಂದೆ." ಅಷ್ಟೇ ಅವನ ಒಪ್ಪಿಗೆ.

ಗಾಯ ಮಾಗುವವರೆಗೂ ಅವಳು ವಾರ್ಡಿನಲ್ಲಿದ್ದಳು. ನಾಳದ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮರುಮಳೆಗಾಲಕ್ಕೆ ಮೊದಲೇ ನನಗೆ ಪಕ್ಕದ ತಾಲೂಕಿಗೆ ವರ್ಗವಾಯಿತು. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದೊಡ್ಡ ಡಾಕ್ಟರು ಡಾಕ್ಟರುಗಳ ಸಭೆಯಲ್ಲಿ ಈ ಕೇಸಿನ ಬಗ್ಗೆ ಮಾತಾಡಿದರೆಂದು ಆಮೇಲೆ ಕೇಳಿದೆ. ಇಂಥವರಿಗೆ ಲೋಕಲ್ ಅರಿವಳಿಕೆಯೇ ಸೂಕ್ತವೆಂದು ತಮಗೆ ಆ ಕ್ಷಣ ಹೊಳೆಯಿತೆಂದರಂತೆ. ಹಾರ ಹಾಕಿದರಂತೆ. ನನಗೆ ಆಶ್ಚರ್ಯವಾಗಲಿಲ್ಲ.

ಮಗುವಿಗೆ ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ ಅವಳು ನನ್ನ ಹೊಸ ಆಸ್ಪತ್ರೆಗೆ ಬಂದಳು. ಗಂಡನ ತೋಳಿನಲ್ಲಿ ಮಗಳು, ಅವಳದೇ ಹಣೆ, ಅವಳದೇ ಗಿಡ್ಡ ಬೆರಳುಗಳು. ಬಸ್ಸಿನಿಂದ ಇಳಿದು ಬಂದವರ ಹಿಂದೆ ಎಂದಿನಂತೆ ನಾಲ್ಕಾರು ಜನ ಬಾಯಿ ಬಿಟ್ಟುಕೊಂಡು ಬಂದಿದ್ದರು. ಅವರ ಮುಖಕ್ಕೆ ಬಾಗಿಲು ಹಾಕಿ, ಏನಾಯಿತೆಂದು ಕೇಳಿದೆ.

"ನಾಳ ಕಟ್ಟಿಸ್ಕಣಾ ಅಂತ ಬಂದೆ ಡಾಕ್ಟ್ರಮ್ಮ."

"ಅವತ್ತು ಮೇಜಿನ ಮೇಲೆ ಅಷ್ಟು ಗಟ್ಟಿಯಾಗಿ ಬೇಡ ಅಂದವಳು ನೀನೇ ಅಲ್ವಾ?" ಅಂದೆ.

"ಅವತ್ತು ನಾ ಬ್ಯಾಡ ಅಂದಿರ್ಲಿಲ್ಲ. ಕೇಳಿ ಅಂದಿದ್ದೆ. ಅವ್ರು ಕೇಳಿರ್ಲೇ ಇಲ್ಲ," ಅಂದಳು. "ಮತ್ತೊಂದು ಸಲ ಅಷ್ಟು ನೋವು ನಂಗೆ ಆಗದಿಲ್ಲ. ಈ ಮಗಳಿಗೆ ತಾಯಿ ಬೇಕು. ಯೋಚ್ನೆ ಮಾಡಿ ನಾನೇ ಬಂದೀನಿ, ಇವ್ರು ಕರ್ಕಂಡು ಬಂದಿದ್ದಲ್ಲ." ಗಂಡ ಹೌದೆಂದು ತಲೆಯಾಡಿಸಿದ.

"ಏನಾದರೂ ತಿಂದಿದ್ದೀಯಾ?"

"ಅತ್ತೆ ಕಡಬು ಹಿಡ್ಕಂಡು ಬಸ್ಸಿನ ತಂಕ ಬಂದಿದ್ರು. ನಾನು ಬಾಯಿ ಬಿಡಲಿಲ್ಲ."

ನಗು ತಡೆಯಲಾಗಲಿಲ್ಲ. ಹೊಟ್ಟೆ ಖಾಲಿ ಇದೆ, ಇದು ಸಣ್ಣ ಕೆಲಸ, ಬೇಕಾದರೆ ಒಂದು ಇಂಜೆಕ್ಷನ್ ಕೊಟ್ಟು ಜೊಂಪು ಹತ್ತಿಸುತ್ತೇನೆ, ಏನೂ ಗೊತ್ತಾಗುವುದಿಲ್ಲ ಅಂದೆ.

ಅವಳು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕಾಲಿಟ್ಟು ತಾನೇ ಹತ್ತಿದಳು, ಮಲಗಿದಳು, ಕೈ ಚಾಚಿ ನನ್ನ ಸೆರಗಿನ ತುದಿ ಹಿಡಿದುಕೊಂಡಳು.

"ಬ್ಯಾಡ ಡಾಕ್ಟ್ರಮ್ಮ," ಅಂದಳು. "ಎಚ್ರ ಇಟ್ಟೇ ಮಾಡಿ."